ಟೈರಿಗೆ ಎಷ್ಟು ಕೊಟ್ಟಿರಿ?

"ಸ್ಟೇಷನ್ ಯಾವ ಕಡೆ ಅನ್ನುವುದನ್ನು ಆಮೇಲೆ ಹೇಳಿ, ನಾನು ಈಗ ಎಲ್ಲಿ ನಿಂತಿದ್ದೇನೆ ಅದನ್ನು ಮೊದಲು ಹೇಳಿ" ಎಂದು ವಿಕ್ರೋಳಿಯ ಒಂದು ಏರುಗಲ್ಲಿಯಲ್ಲಿ ಮೂರನೆಯ ಮನುಷ್ಯನನ್ನು ಕೇಳುತ್ತಿದ್ದೆ. ಮೊದಲನೆಯವನು ಬಲಕ್ಕೆ ಕೈ ತೋರಿಸಿದ್ದ, ಎರಡನೆಯವನು ಎಡಕ್ಕೆ. ಇವನು ನನ್ನನ್ನು ನೋಡಿದ, ನನ್ನ ಮೋಟರ್‌ಸೈಕಲನ್ನು ನೋಡಿದ, ಗಾಳಿ ಹೋಗಿ ನೆಲಕ್ಕೆ ಅಂಟಿಕೊಂಡಿದ್ದ ಹಿಂದಿನ ಟೈರನ್ನು ನೋಡಿದ.

"ಗಾಡಿ ಯಾರದು?"

"ನನ್ನದು."

"ಅದು ಸರಿ. ಓಡಿಸುವವರು ಎಲ್ಲಿ ಹೋದರು?"

ಇಂಥವು ನನಗೆ ಆಗುತ್ತಲೇ ಇರುತ್ತವೆ. ಟೂರ್ ಕಂಪನಿಯೊಂದರ ಪರವಾಗಿ ಜನರನ್ನು ಕಟ್ಟಿಕೊಂಡು ದೇಶ ತಿರುಗುವುದು ನನ್ನ ಹೊಟ್ಟೆಪಾಡು. ತಾಷ್ಕೆಂಟಿನ ಸಂತೆಯಲ್ಲಿ, ಇಸ್ತಾಂಬುಲಿನ ಸಂದಿಗೊಂದಿಗಳಲ್ಲಿ ನಲವತ್ತು ಜನರನ್ನು ಹಿಂದೆ ಹಾಕಿಕೊಂಡು ಹೋಗಿ ನಲವತ್ತೂ ಜನರನ್ನು ವಾಪಸು ತಂದವಳು. ಹನೋಯ್‌ನಲ್ಲಿ ಬಾಡಿಗೆ ಗಾಡಿಯ ಟೈರ್ ಒಡೆದಾಗ, ಭಾಷೆ ಒಂದಕ್ಷರ ಬಾರದ ಕಡೆ, ಅಂಗಡಿಯವಳು ಬೆರಳಲ್ಲೇ ರೇಟು ತೋರಿಸಿದಳು. ನಾನು ಪಕ್ಕದಲ್ಲಿ ಒಂದು ಬಟ್ಟಲು ಸೂಪು ಕುಡಿದು ಮುಗಿಸುವಷ್ಟರಲ್ಲಿ ಟೈರ್ ಹಾಕಿ ಕೊಟ್ಟಳು. ಮೊದಲು ತೋರಿಸಿದ ಬೆರಳು ಕೊನೆಗೂ ಅಷ್ಟೇ ಇತ್ತು. ಅಂಥವಳು ಚೆಂಬೂರಿನ ಸ್ವಂತ ಮನೆಯಿಂದ ಅರ್ಧ ಗಂಟೆ ದೂರದಲ್ಲಿ ದಾರಿ ತಪ್ಪಿ, ಗಾಡಿ ತಳ್ಳಿಕೊಂಡು, ಓಡಿಸುವವರು ಎಲ್ಲಿ ಎಂದು ಹೇಳಿಸಿಕೊಳ್ಳುತ್ತ ನಿಂತಿದ್ದೆ. ಸಿಟ್ಟು ಅಲ್ಲಿ ಶುರುವಾಯಿತು. ಒಂದು ತಿಂಗಳು ಇಳಿಯಲಿಲ್ಲ.

೧. ಏರುಗಲ್ಲಿ

ಗಲ್ಲಿ ಇಕ್ಕಟ್ಟು. ನನ್ನ ಗಾಡಿ ಅಡ್ಡ ನಿಂತಿದ್ದರಿಂದ ಹಿಂದೆ ಒಬ್ಬ ಹೆಂಗಸು ತಲೆಯ ಮೇಲೆ ದೊಡ್ಡ ಬಟ್ಟೆಗಂಟು ಹೊತ್ತು ಕಾಯುತ್ತಿದ್ದಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವವಳ ಹಾಗೆ, ಆದರೆ ಗಲ್ಲಿಗೆಲ್ಲ ಕೇಳುವ ಹಾಗೆ, "ಗಾಡಿ ನೋಡು, ಎಮ್ಮಿ ಹಂಗ ಅಡ್ಡ ಬಿದ್ದೈತಿ. ಅದನ್ನ ಹಿಡ್ಕೊಂಡು ಈಕಿ ಒಬ್ಬಾಕಿ" ಎಂದಳು.

"ಎಮ್ಮೆಯಾಗಿದ್ದರೆ ಹಾಲಾದರೂ ಕೊಡುತ್ತಿತ್ತು" ಎಂದೆ.

ಅವಳಿಗೆ ಮುಜುಗರವೇನೂ ಆಗಲಿಲ್ಲ. "ಅಯ್ಯ, ನಮ್ಮಾಕಿನ ಏನ್ರಿ ನೀವು" ಎಂದು ಗಂಟನ್ನು ಇಳಿಸಿ ನನ್ನ ಹಿಂದಿನ ಸೀಟಿನ ಮೇಲೆ ಇಟ್ಟಳು. ಗಂಟಿನಿಂದ ಬಿಸಿ ಜೋಳದ ರೊಟ್ಟಿಯ ವಾಸನೆ. ವಿಜಾಪುರ ಕಡೆಯವಳು. ಗುಡ್ಡದ ಮೇಲಿನ ಒಂದು ಖೋಲಿಯಲ್ಲಿ ರೊಟ್ಟಿ ಬಡಿದು ದಿನಾ ಮಧ್ಯಾಹ್ನ ಕೆಳಗೆ ಕಟ್ಟಡದ ಸೈಟಿಗೆ ಒಯ್ಯುತ್ತಾಳೆ. ಅಲ್ಲಿರುವವರೆಲ್ಲ ಊರ ಕಡೆಯ ಕೂಲಿಯವರು. ಇದನ್ನೆಲ್ಲ ಗಾಡಿಯನ್ನು ಹಿಂದಿನಿಂದ ತಳ್ಳುತ್ತಲೇ ಹೇಳಿದಳು. ಮುಂದೆ ಹ್ಯಾಂಡಲ್ ಹಿಡಿದಿದ್ದ ನನಗೆ ಹೂಂಗುಟ್ಟಲೂ ಉಸಿರಿರಲಿಲ್ಲ.

ಗಲ್ಲಿಯ ಕೊನೆಯಲ್ಲಿದ್ದ ಪಂಕ್ಚರಿನವನು ಟ್ಯೂಬಿಗೆ ತೇಪೆ ಹಾಕಿದ. ಟೈರನ್ನು ಬೆರಳಿನಿಂದ ಒತ್ತಿ ನೋಡಿ, "ಮೇಡಂ, ಇದು ಟೈರಲ್ಲ, ಬಲೂನು. ಹೊಸದು ಹಾಕಿಸುವ ತನಕ ಹಿಂದೆ ಯಾರನ್ನೂ ಕೂರಿಸಬೇಡಿ" ಎಂದ.

ರೊಟ್ಟಿ ಅಕ್ಕನಿಗೆ ಏನು ಕೊಡಲಿ ಎಂದು ಪರ್ಸು ತೆಗೆದೆ.

"ರೊಕ್ಕ ಬ್ಯಾಡ್ರಿ. ಟೈರ್ ಹಾಕಿಸಿದ ಮ್ಯಾಲ ಒಂದಿನ ನಿಮ್ಮ ಈ ಫಟಫಟಿ ಮ್ಯಾಲ ನನ್ನ ಕುಂಡ್ರಿಸ್ಕೊಂಡು ಸೈಟಿಗೆ ಬಿಡ್ರಿ. ಗೇಟಿನ ತನಕ ಮತ್ತ. ದೂರ ಎಲ್ಲ್ಯೋ ಇಳಿಸಿ ಹೋಗೂದಲ್ಲ."

"ಈ ವಾರದಲ್ಲೇ" ಎಂದು ಮಾತು ಕೊಟ್ಟೆ. ನಂಬರನ್ನೂ ಕೊಟ್ಟೆ. ಒಂದು ಟೈರ್ ಹಾಕಿಸುವುದಕ್ಕೆ ಒಂದು ವಾರ ಧಾರಾಳ ಸಾಕು ಎಂದುಕೊಂಡಿದ್ದೆ. ನಾನಿನ್ನೂ ಹನೋಯ್‌ನಲ್ಲೇ ಇದ್ದೆ.

೨. ಸಾಹೇಬರು

ಚೆಂಬೂರಿನಲ್ಲಿ ನಮ್ಮ ಬಿಲ್ಡಿಂಗಿನಿಂದ ನಾಲ್ಕು ಹೆಜ್ಜೆಗೊಂದು ಟೈರಂಗಡಿ. ದೊಡ್ಡದು ನೋಡಿ ಹೋದೆ. ಹಿಂದಿನ ಟೈರಿಗೆ ಎಷ್ಟು ಎಂದು ಕೇಳಿದೆ. ಮಾಲೀಕ ನನ್ನ ಪಕ್ಕಕ್ಕೆ ತಿರುಗಿ, "ಮೂರು ಸಾವಿರದ ಎಂಟುನೂರು, ಸಾಹೇಬ್" ಎಂದ.

ಪಕ್ಕದಲ್ಲಿ ಸ್ಕೂಟರಿಗೆ ಗಾಳಿ ತುಂಬಿಸಲು ಬಂದಿದ್ದ ಯಾವನೋ ಒಬ್ಬ ನಿಂತಿದ್ದ. ಆ ಮನುಷ್ಯನ ಮುಖ ನಾನು ಜನ್ಮದಲ್ಲಿ ನೋಡಿದ್ದಿಲ್ಲ.

"ಕೊಳ್ಳುತ್ತಿರುವುದು ನಾನು" ಎಂದೆ.

"ಹೌದು ಮೇಡಂ" ಎಂದು ನನಗೆ ನಕ್ಕು, ಮಾಲೀಕ ಮತ್ತೆ ಅವನಿಗೇ ಹೇಳತೊಡಗಿದ. ಟ್ಯೂಬು ನಾನೂರೈವತ್ತು. ಫಿಟ್ಟಿಂಗು ಇನ್ನೂರೈವತ್ತು. ಚಕ್ರ ಬಿಚ್ಚುವುದಕ್ಕೆ ಇನ್ನೂರು.

"ಚಕ್ರ ಬಿಚ್ಚದೆ ಟೈರ್ ಫಿಟ್ ಮಾಡುತ್ತೀರಾ?" ಎಂದು ನಾನು ಕೇಳಿದೆ.

"ಅದು ಬೇರೆ ಕೆಲಸ, ಇದು ಬೇರೆ ಕೆಲಸ, ಸಾಹೇಬ್" ಎಂದು ಅವನಿಗೆ ಉತ್ತರ ಕೊಟ್ಟ. ಗಾಳಿಗೆ ಐವತ್ತು, ಏಕೆಂದರೆ ಅದು ಮಾಮೂಲು ಗಾಳಿಯಲ್ಲ, ನೈಟ್ರೋಜನ್. ಹಳೆಯ ಟೈರನ್ನು ಅಂಗಡಿಯವರು ಇಟ್ಟುಕೊಳ್ಳುವುದಕ್ಕೆ ನೂರು.

"ಇಟ್ಟುಕೊಳ್ಳುವವರು ನೀವು, ನೂರು ಕೊಡಬೇಕಾದವಳು ನಾನಾ? ಬೇಡ, ಹಳೆಯದನ್ನು ನಾನೇ ಒಯ್ಯುತ್ತೇನೆ."

"ಒಯ್ಯುವುದಾದರೆ ಕಟ್ಟಿಕೊಡುವುದಕ್ಕೆ ನೂರು."

ಇಷ್ಟರಲ್ಲಿ ಗಾಳಿಯವನಿಗೆ ಪಾತ್ರ ಹಿಡಿಸಿಬಿಟ್ಟಿತ್ತು. ಗಂಟಲು ಸರಿಮಾಡಿಕೊಂಡು, "ಜಾಸ್ತಿ ಆಯಿತು. ಒಟ್ಟು ನಾಲ್ಕು ಸಾವಿರದ ಏಳುನೂರು ಮಾಡಿ ಮುಗಿಸಿ" ಎಂದ. ಮಾಲೀಕ ಹಣೆ ಒರೆಸಿಕೊಂಡ. "ನಿಮ್ಮ ಮಾತಿಗೋಸ್ಕರ" ಎಂದ. ಇಬ್ಬರೂ ಕೈ ಕುಲುಕಿದರು. ನನ್ನ ಟೈರಿನ ವ್ಯಾಪಾರ ನನ್ನ ಕಣ್ಣೆದುರಿಗೇ ಸುಸೂತ್ರವಾಗಿ ಮುಗಿಯಿತು.

ನಾನು ಗಾಳಿಯವನ ಮುಂದೆ ಕೈ ಚಾಚಿದೆ. "ರೇಟು ಒಪ್ಪಿಕೊಂಡವರು ನೀವು. ತೆಗೆಯಿರಿ ನಾಲ್ಕು ಸಾವಿರದ ಏಳುನೂರು."

ಅವನು ಗಾಳಿ ಹಾಕಿಸಿಕೊಳ್ಳದೆಯೇ ಹೊರಟುಹೋದ. ಮಾಲೀಕ ನನ್ನನ್ನು ನೊಂದ ಕಣ್ಣುಗಳಿಂದ ನೋಡಿ, "ಮನೆಯ ಜಗಳ ಮನೆಯಲ್ಲೇ ಇಟ್ಟುಕೊಳ್ಳಬೇಕು ಮೇಡಂ" ಎಂದ.

೩. ನಮ್ಮವರು

ನನ್ನ ಅಣ್ಣನದು ಚೆಂಬೂರಿನಲ್ಲೇ ಒಂದು ಉಡುಪಿ ಹೋಟೆಲು. ಗಲ್ಲಾದ ಮೇಲೆ ಕೂತು ನನ್ನ ಕಥೆ ಕೇಳಿದ. ಅವನಿಗೆ ನೋವಾದದ್ದು ಟೈರಿನ ರೇಟಿನಿಂದಲ್ಲ, ನಾನು ಹೊರಗಿನವರಲ್ಲಿಗೆ ಹೋದದ್ದರಿಂದ.

"ನಿನಗೆ ಎಂತ ಆಗಿದೆ ಮಾರಾಯ್ತಿ. ಬೊರಿವಲಿಯಲ್ಲಿ ನಮ್ಮವರದ್ದೇ ಟೈರಿನ ಅಂಗಡಿ ಉಂಟಲ್ಲ. ನಾನು ಫೋನ್ ಮಾಡ್ತೇನೆ, ನೀನು ಹೋಗಿ ತಾ. ಸುಮ್ಮನೆ ಬೇರೆಯವರಿಗೆ ಯಾಕೆ ದುಡ್ಡು ಕೊಡುದು?"

ನಮ್ಮವರು ಎಂದರೇನೆಂದು ಮುಂಬೈಯ ಹೋಟೆಲ್ ಜನಕ್ಕೆ ಗೊತ್ತು. ಅಕ್ಕಿ ನಮ್ಮವರಿಂದ, ಗ್ರೈಂಡರ್ ನಮ್ಮವರಿಂದ, ಹಲ್ಲು ಕೀಳಿಸುವುದೂ ನಮ್ಮವರ ಹತ್ತಿರ. ಬೇರೆಯವರು ಮೋಸ ಮಾಡಿದರೆ ಬೈಯಬಹುದು. ನಮ್ಮವರಾದರೆ ಆ ಸೌಕರ್ಯವಿಲ್ಲ.

ಬೋಳು ಟೈರಿನ ಗಾಡಿಯನ್ನು ಅಷ್ಟು ದೂರ ಒಯ್ಯುವಂತಿಲ್ಲ. ಎರಡು ಲೋಕಲ್ ಬದಲಾಯಿಸಿ ಹೋದೆ. ಬರಿಗೈಲಿ ಹೋಗಬಾರದೆಂದು ಅಣ್ಣ ಕೈಗೆ ಒಂದು ಕಿಲೋ ಮೈಸೂರುಪಾಕು ತುರುಕಿದ್ದ. ಅದರ ದುಡ್ಡನ್ನು ನನ್ನ ಲೆಕ್ಕಕ್ಕೇ ಬರೆದುಕೊಂಡ.

ಅಂಗಡಿಯ ಮೇಲೆಯೇ ಅವರ ಮನೆ. ಟೈರಿನ ಸುದ್ದಿ ಎತ್ತುವ ಮೊದಲೇ ಎಲೆ ಹಾಕಿದರು. ಮೊದಲನೆಯ ಅನ್ನಕ್ಕೆ ನನ್ನ ಅಜ್ಜನ ಮನೆ ಯಾವುದು ಎಂದು ಕೇಳಿದರು, ಎರಡನೆಯ ಅನ್ನಕ್ಕೆ ಗಂಡನ ಮನೆ. ಗಂಡನನ್ನು ಬಿಟ್ಟು ಇಪ್ಪತ್ತು ವರ್ಷವಾಯಿತು ಎಂದಾಗ ಯಜಮಾನರು ಮಜ್ಜಿಗೆಯ ಲೋಟ ಕೆಳಗಿಟ್ಟರು. ಹೆಂಡತಿ ಮಾತ್ರ ಮೆಲ್ಲಗೆ ಹತ್ತಿರ ಬಂದು, "ಒಬ್ಬರೇ ಆ ಕಾಶ್ಮೀರದ ಆಚೆಗೆಲ್ಲ ಹೋದದ್ದು ಹೌದಾ?" ಎಂದು ಕೇಳಿ ನನಗೆ ಎರಡು ಸೌಟು ಪಾಯಸ ಹೆಚ್ಚು ಬಡಿಸಿದರು.

ಕೆಳಗಿಳಿದಾಗ ಟೈರ್ ಸಿದ್ಧವಾಗಿತ್ತು. ರೈಲಿನಲ್ಲಿ ಬಟ್ಟೆ ಕೊಳೆಯಾಗಬಾರದೆಂದು ಗೋಣಿಯಲ್ಲಿ ಸುತ್ತಿ, ಅಕ್ಕಿ ಮೂಟೆಯ ಹಾಗೆ ಭದ್ರವಾಗಿ ಹೊಲಿಸಿಬಿಟ್ಟಿದ್ದರು.

"ಎಷ್ಟು ಕೊಡಲಿ?"

"ನಿಮ್ಮ ಹತ್ತಿರ ಲಾಭ ತೆಗೊಳ್ಳುದುಂಟಾ? ಖರ್ಚು ಮಾತ್ರ ಕೊಡಿ. ನಾಲ್ಕು ಸಾವಿರ."

ಚೆಂಬೂರಿನ ಕಳ್ಳ ಲಾಭವಿಟ್ಟುಕೊಂಡು ಮೂರು ಸಾವಿರದ ಎಂಟುನೂರಕ್ಕೆ ಕೊಡುತ್ತಿದ್ದ. ಆದರೆ ಪಾಯಸ ಕುಡಿದ ಬಾಯಲ್ಲಿ ಚೌಕಾಸಿ ಬರುವುದಿಲ್ಲ. ಕೊಟ್ಟೆ.

ಹೋಟೆಲಿಗೆ ಬಂದು ಅಣ್ಣನ ಎದುರಿಗೆ ಗೋಣಿ ಕುಕ್ಕಿದೆ. "ಎಷ್ಟಾಯ್ತು?" ಎಂದ. ಹೇಳಿದೆ. ಅಣ್ಣ ಹುಬ್ಬೇರಿಸಿದ.

"ನಾಲ್ಕು ಸಾವಿರವಾ? ನನಗೆ ಮೊದಲೇ ಹೇಳಿದ್ದರೆ ಕಡಿಮೆಗೆ ಕೊಡಿಸ್ತಿದ್ದೆ."

೪. ಗೋಣಿಯ ಮೇಲೆ

ಬೊರಿವಲಿಯಿಂದ ಬಂದ ಆ ಪ್ರಯಾಣವನ್ನು ಹೇಳಲೇಬೇಕು. ಸಂಜೆಯ ಲೋಕಲ್, ಲೇಡೀಸ್ ಡಬ್ಬಾ, ಕೈಯಲ್ಲಿ ದುಂಡನೆಯ ಗೋಣಿ. ಒಳಗೇನಿದೆ ಎಂಬ ಬಗ್ಗೆ ಮಾಲಾಡಿನ ತನಕ ಚರ್ಚೆ ನಡೆಯಿತು. ಬಟಾಣಿ ಸುಲಿಯುತ್ತಿದ್ದವಳು ಅದು ಹಿಟ್ಟು ಬೀಸುವ ಚಕ್ಕಿಯ ಕಲ್ಲು ಎಂದಳು. ಬ್ಯಾಂಕಿನವಳ ಹಾಗೆ ಕಾಣುತ್ತಿದ್ದ ಒಬ್ಬಳು ನಗಾರಿ ಎಂದಳು. ಟೈರ್ ಎಂದು ನಾನು ಹೇಳಿದಾಗ ಇಬ್ಬರಿಗೂ ನಿರಾಸೆ.

"ಗಂಡನ ಗಾಡಿಗಾ?"

"ನನ್ನ ಗಾಡಿಗೆ."

ಇಡೀ ಡಬ್ಬಾ ಒಂದೇ ಪ್ರಶ್ನೆ ಕೇಳಿತು. ಎಷ್ಟು ಕೊಟ್ಟಿರಿ? ಹೇಳಿದೆ. ಬಟಾಣಿಯವಳ ಭಾವ ಅದೇ ವ್ಯಾಪಾರದಲ್ಲಿದ್ದಾನಂತೆ, ಮೊದಲೇ ಸಿಕ್ಕಿದ್ದರೆ ಮೂರು ಸಾವಿರಕ್ಕೆ. ಬ್ಯಾಂಕಿನವಳ ಆಫೀಸಿನ ಒಬ್ಬನಿಗೆ ಕಂಪನಿಯಲ್ಲೇ ಪರಿಚಯ, ಎರಡೂವರೆಗೆ. ಗೋರೇಗಾಂವಿನಲ್ಲಿ ಹತ್ತಿದವಳಿಗೆ ವಿಷಯ ಏನೆಂದೇ ತಿಳಿಯದು, ಆದರೂ ಎರಡು ಸಾವಿರಕ್ಕೆ ತರಿಸಿಕೊಡುತ್ತೇನೆಂದಳು. ಅಂಧೇರಿ ಬರುವ ಹೊತ್ತಿಗೆ ನನ್ನ ಟೈರ್ ಹೆಚ್ಚುಕಡಿಮೆ ಪುಕ್ಕಟೆಯಾಗಿತ್ತು.

ಅಂಧೇರಿಯಲ್ಲಿ ನುಗ್ಗಿದ ಗುಂಪಿನಲ್ಲಿ ಒಬ್ಬ ದಪ್ಪನೆಯ ಹೆಂಗಸು ಕೇಳದೆ ಮಾಡದೆ ನನ್ನ ಗೋಣಿಯ ಮೇಲೆ ಕೂತಳು. ಒಂದು ಸಲ ಅಲುಗಾಡಿ ನೋಡಿದಳು. ಮುಖ ಅರಳಿತು. ಹೊಸ ರಬ್ಬರು, ಒಳ್ಳೆಯ ಸ್ಪ್ರಿಂಗು. ಹದಿನೈದು ವರ್ಷದಿಂದ ನಿಂತೇ ಹೋಗುತ್ತಿದ್ದೇನೆ ಎಂದು ಕಣ್ಣು ಮುಚ್ಚಿದಳು. ದಾದರಿನಲ್ಲಿ ನಾನು ಇಳಿಯಬೇಕು, ಅವಳು ಏಳುವುದಿಲ್ಲ. ಜನ ತಳ್ಳುತ್ತಿದ್ದಾರೆ, ನಾನು ಗೋಣಿಯ ಒಂದು ಕಿವಿ ಹಿಡಿದು ಜಗ್ಗುತ್ತಿದ್ದೇನೆ, ಅವಳು ಅದರ ಮೇಲೆಯೇ ಬಾಗಿಲ ತನಕ ಜಾರಿ ಬಂದಳು. ಕೊನೆಗೆ ಎದ್ದಳು. ನಾನು ಪ್ಲಾಟ್‌ಫಾರ್ಮಿಗೆ ಹಾರಿದೆ. ಗಾಡಿ ಹೊರಡುವಾಗ ಬಾಗಿಲಲ್ಲಿ ನಿಂತು ಕೂಗಿ ಕೇಳಿದಳು:

"ನಾಳೆಯೂ ಇದೇ ಗಾಡಿಗೆ ಬರುತ್ತೀರಾ?"

೫. ಸೊಳ್ಳೆ

ಗೋಣಿ ಬಿಚ್ಚಿದವಳು ನಾನಲ್ಲ, ನಮ್ಮ ಬೀದಿಯ ಪಂಕ್ಚರಿನವನು. ನೋಡಿ, "ಮೇಡಂ, ಹಿಂದಿನದು ಹೋಗಿದೆ, ನೀವು ಮುಂದಿನದು ತಂದಿದ್ದೀರಿ" ಎಂದ. ಎರಡರ ಅಳತೆಯೇ ಬೇರೆ. ರೇಟೂ ಬೇರೆ, ಮುಂದಿನದು ಅಗ್ಗ.

ಅಣ್ಣನಿಗೆ ಫೋನ್ ಮಾಡಿದೆ. ಅವನು ತಡವರಿಸಲಿಲ್ಲ. "ಮುಂದಿನದ್ದು ಅಂತ ನಾನೇ ಹೇಳಿದ್ದು. ಗಾಡಿ ಹೋಗುದು ಮುಂದಕ್ಕಲ್ಲವಾ?"

"ಈಗ ಇದನ್ನು ವಾಪಸು ಕೊಡಬೇಕು."

"ಅವರ ಮನೆಯಲ್ಲಿ ಊಟ ಮಾಡಿದ್ದೀ. ವಾಪಸು ಕೊಟ್ಟರೆ ಅವರು ಎಂತ ಎಣಿಸಿಯಾರು?"

ಹಾಗಾಗಿ ಟೈರ್ ಮತ್ತೆ ಗೋಣಿಯೊಳಗೆ ಹೋಗಿ, ನಮ್ಮ ಬಿಲ್ಡಿಂಗಿನ ಮೆಟ್ಟಿಲ ಕೆಳಗೆ ಕೂತಿತು. ಎರಡನೆಯ ದಿನವೇ ಸೊಸೈಟಿಯ ಸೆಕ್ರೆಟರಿ ಬಾಗಿಲು ತಟ್ಟಿದರು. ಮಳೆಗಾಲ ಬರುತ್ತಿದೆ, ಟೈರಿನಲ್ಲಿ ನೀರು ನಿಲ್ಲುತ್ತದೆ, ಸೊಳ್ಳೆ ಮೊಟ್ಟೆ ಇಡುತ್ತದೆ, ಡೆಂಗ್ಯೂ ಬರುತ್ತದೆ, ಐನೂರು ದಂಡ.

"ಅದನ್ನು ಗೋಣಿಯಲ್ಲಿ ಹೊಲಿದಿದೆ. ಇರುವುದು ಮೆಟ್ಟಿಲ ಕೆಳಗೆ. ನೀರು ಎಲ್ಲಿಂದ ಬರುತ್ತದೆ?"

ಅವರು ಯೋಚಿಸಿದರು. "ಗೋಣಿ ಬಿಚ್ಚಿ ಟೆರೇಸಿನ ಮೇಲೆ ಇಟ್ಟರೆ ಬರುತ್ತದೆ."

ದಂಡ ಕೊಟ್ಟೆ. ರಸೀದಿ ಹರಿದುಕೊಡುತ್ತ, "ಟೈರಿಗೆ ಎಷ್ಟು ಕೊಟ್ಟಿರಿ?" ಎಂದರು.

ಅದೇ ಸಂಜೆ ರೊಟ್ಟಿ ಅಕ್ಕನ ಫೋನು. ಎರಡು ದಿನಕ್ಕೊಮ್ಮೆ ಮಾಡುತ್ತಿದ್ದಳು, ಯಾವಾಗಲೂ ನಗುತ್ತಲೇ, "ಯಕ್ಕಾರ, ಟೈರ್ ಆತೇನ್ರಿ?" ಎಂದು. ಆ ದಿನ ದನಿಯಲ್ಲಿ ನಗು ಇರಲಿಲ್ಲ.

"ಅಲ್ರಿ, ಖರೇನ ಹಾಕಸ್ತೀರೋ ಇಲ್ಲೋ ಹೇಳಿಬಿಡ್ರಿ."

ವಿಷಯ ಇಷ್ಟು. ನಾನು ಮಾತು ಕೊಟ್ಟ ದಿನವೇ ಆಕೆ ಸೈಟಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದಳು, ಒಬ್ಬ ಯಕ್ಕ ನನ್ನನ್ನು ಫಟಫಟಿಯ ಮೇಲೆ ಕರಕೊಂಡು ಬರ್ತಾಳ ಅಂತ. ವಾರವಾಯಿತು, ಮೂರು ವಾರವಾಯಿತು. ಸೈಟಿನ ಮುಕಾದಮ, ಕೂಲಿಯವರನ್ನು ನೋಡಿಕೊಳ್ಳುವವನು, ಆಕೆಯ ಸ್ವಂತ ಮೈದುನ. ದಿನಾ ಗೇಟಿನಲ್ಲಿ ನಿಂತು, "ವೈನಿ, ನಿನ್ನ ಫಟಫಟಿ ಎಲ್ಲಿಗೆ ಬಂತು?" ಎನ್ನುತ್ತಾನೆ, ಉಳಿದವರು ನಗುತ್ತಾರೆ. ನಗಲಿ ಬಿಡು ಎಂದುಕೊಂಡಿದ್ದಳು. ಆದರೆ ರೊಟ್ಟಿಯ ದುಡ್ಡು ಕೂಡಿಸಿ ಕೊಡುವವನೂ ಅವನೇ, ಪ್ರತಿ ಶನಿವಾರ, ಆಕೆಯ ಬಾಯಿಲೆಕ್ಕದ ಮೇಲೆ. ಇಷ್ಟು ವರ್ಷ ಆಕೆ ಹೇಳಿದ್ದೇ ಲೆಕ್ಕ. ಆ ಶನಿವಾರ ಆಕೆ ಇನ್ನೂರಾ ಹತ್ತು ರೊಟ್ಟಿ ಎಂದರೆ, ಅವನು ಎಲ್ಲರೆದುರಿಗೆ, "ಇನ್ನೂರಾ ಹತ್ತೂ ಫಟಫಟಿ ಮ್ಯಾಲ ಬಂದುವೇನ ವೈನಿ?" ಎಂದು ಹತ್ತು ಮುರಿದುಕೊಂಡು ಇನ್ನೂರಕ್ಕೇ ಕೊಟ್ಟನಂತೆ.

"ಹತ್ತು ರೊಟ್ಟಿ ಹೋತು ಅಂತ ಅಲ್ರಿ. ಈಕಿ ಸುಳ್ಳಾಕಿ ಅಂತ ಆತಲ್ರಿ" ಎಂದಳು.

ಸೊಸೈಟಿಯ ದಂಡದ ರಸೀದಿ ಇನ್ನೂ ಕೈಯಲ್ಲಿತ್ತು. "ಈ ಶನಿವಾರ" ಎಂದೆ. ಸಿಟ್ಟಿನಲ್ಲಿ ಹೇಳಿದ್ದರಿಂದ ನನಗೇ ನಂಬಿಕೆ ಬಂತು.

೬. ಬಾಣ

ಶುಕ್ರವಾರ ಬೆಳಿಗ್ಗೆ ಗೋಣಿಯನ್ನು ಟ್ಯಾಂಕಿನ ಮೇಲೆ ಇಟ್ಟುಕೊಂಡು, ಬೋಳು ಟೈರಿನಲ್ಲಿ ಉರುಳಿಕೊಂಡು, ಚೆಂಬೂರಿನ ಅದೇ ಕಳ್ಳನ ಅಂಗಡಿಗೆ ಹೋದೆ. ಹಿಂದಿನದನ್ನು ಇವನ ಹತ್ತಿರವೇ ಕೊಂಡು, ಹೇಗೂ ಮನೆಗೆ ಬಂದ ಮುಂದಿನದನ್ನೂ ಹಾಕಿಸಿಬಿಡುವುದು ಎಂದು.

ಮಾಲೀಕ ನನ್ನ ಹಿಂದೆ ಬಗ್ಗಿ ನೋಡಿದ. "ಸಾಹೇಬರು ಬರಲಿಲ್ಲವೇ?"

"ತೀರಿಕೊಂಡರು" ಎಂದೆ.

ಅವನು ಪಾಪ, ಹಳೆಯ ಟೈರಿನ ನೂರು ಬಿಟ್ಟ. ಆದರೆ ಗೋಣಿಯೊಳಗಿನ ಟೈರ್ ನೋಡಿದ ಮೇಲೆ ದುಃಖ ಇಳಿಯಿತು. ಹೊರಗಿನ ಮಾಲಿಗೆ ಫಿಟ್ಟಿಂಗ್ ಡಬಲ್. ಯಾಕೆ? ಹೊರಗಿನ ಮಾಲು, ಅದಕ್ಕೆ. ಅದೇ ಚಕ್ರ, ಅದೇ ಸಲಾಕೆ, ಅದೇ ಕೈ. ವಾದ ಮಾಡಿ ದಣಿದು ದುಡ್ಡು ಕೊಟ್ಟೆ.

ಎರಡು ಗಂಟೆಯ ನಂತರ ಗಾಡಿ ಸಿದ್ಧವಾಯಿತು. ಬಗ್ಗಿ ನೋಡಿದೆ. ಟೈರಿನ ಬದಿಯಲ್ಲಿ, ಯಾವ ಕಡೆಗೆ ಉರುಳಬೇಕೆಂದು ತೋರಿಸುವ ಒಂದು ಬಾಣದ ಗುರುತು ಇರುತ್ತದೆ. ಹಿಂದಿನ ಟೈರಿನ ಬಾಣ ನನ್ನನ್ನು ಬಿಟ್ಟು ಹಿಂದಕ್ಕೆ ಹೊರಟಿತ್ತು.

"ಉಲ್ಟಾ ಹಾಕಿದ್ದೀರಿ."

ಮಾಲೀಕನೂ ಬಗ್ಗಿ ನೋಡಿದ. "ಅದು ಡಿಸೈನು ಮೇಡಂ."

"ಮಳೆಯಲ್ಲಿ ಜಾರಿ ಬಿದ್ದರೆ?"

"ಮಳೆಯಲ್ಲಿ ಎಲ್ಲರೂ ಬೀಳುತ್ತಾರೆ. ಬಿಚ್ಚಿ ಹಾಕಬೇಕಾದರೆ ಹಾಕಿಕೊಡುತ್ತೇವೆ. ಬಿಚ್ಚುವುದಕ್ಕೆ ಇನ್ನೂರು, ಫಿಟ್ಟಿಂಗ್ ಇನ್ನೂರೈವತ್ತು."

ನಾನು ಜಗಳ ಆಡಲಿಲ್ಲ. ಗಾರ್ಮೆಂಟ್ ಅಂಗಡಿಯವರು, ಕಾರ್ಪೆಟ್ ಅಂಗಡಿಯವರು ನನ್ನ ಟೂರಿನ ಜನಕ್ಕೆ ಮೋಸ ಮಾಡಿದಾಗ ಇಸ್ತಾಂಬುಲಿನಲ್ಲಿ ಏನು ಮಾಡುತ್ತೇನೋ ಅದನ್ನೇ ಮಾಡಿದೆ. ಅಂಗಡಿಯ ಒಂದು ಪ್ಲಾಸ್ಟಿಕ್ ಸ್ಟೂಲನ್ನು ಎಳೆದು ಬಾಗಿಲಿಗೆ ಅಡ್ಡ ಹಾಕಿ ಕೂತೆ.

ಒಬ್ಬ ಬಂದ. "ಟೈರ್ ಎಷ್ಟು?" ಎಂದು ಒಳಗೆ ಕೇಳಿದ. ಒಳಗಿನಿಂದ ರೇಟು ಬಂತು. ನಾನು ಹೊರಗಿನಿಂದ, "ಅದರ ಮೇಲೆ ಚಕ್ರ ಬಿಚ್ಚಲು ಇನ್ನೂರು, ಗಾಳಿಗೆ ಐವತ್ತು" ಎಂದೆ. ಅವನು ಮುಂದೆ ಹೋದ. ಎರಡನೆಯವರು ಗಂಡಹೆಂಡತಿ. "ಉಲ್ಟಾ ಹಾಕಿಸಿಕೊಳ್ಳಲೂ ಇದೇ ರೇಟು, ಸರಿಯಾಗಿ ಹಾಕಿಸಿಕೊಳ್ಳಲು ಬೇರೆ" ಎಂದೆ. ಹೆಂಡತಿ ಗಂಡನ ತೋಳು ಹಿಡಿದು ಎಳೆದುಕೊಂಡು ಹೋದಳು. ಮೂರನೆಯವನು ಸುಮ್ಮನೆ ನಿಂತು, "ನೀವು ಎಷ್ಟು ಕೊಟ್ಟಿರಿ?" ಎಂದ. ಬೊರಿವಲಿಯ ಮೈಸೂರುಪಾಕಿನಿಂದ ಹಿಡಿದು ಎಲ್ಲವನ್ನೂ ಸಾವಕಾಶವಾಗಿ, ಗಟ್ಟಿಯಾಗಿ ಹೇಳತೊಡಗಿದೆ. ದಾರಿಹೋಕರೂ ನಿಂತರು. ಸೊಸೈಟಿಯ ದಂಡಕ್ಕೆ ಬರುವ ಹೊತ್ತಿಗೆ ಫುಟ್‌ಪಾತಿನಲ್ಲಿ ಜಾಗವಿರಲಿಲ್ಲ.

ಒಳಗೆ ಚಕ್ರ ಬಿಚ್ಚುವ ಸದ್ದು ಕೇಳಿಸಿತು. ಮಾಲೀಕ ಎರಡೂ ಕೈಯಲ್ಲಿ ಚಹಾದ ಗ್ಲಾಸು ಹಿಡಿದುಕೊಂಡು ಬಂದ.

"ಪೈಸೆ ಬೇಡ ಮೇಡಂ, ಬಾಣ ಸರಿ ಮಾಡಿಸುತ್ತಿದ್ದೇನೆ. ಚಹಾ ಕುಡಿಯಿರಿ." ಆಮೇಲೆ ಮೊದಲ ಸಲ ನನ್ನ ಮುಖವನ್ನೇ ನೋಡಿ, ಕೈಮುಗಿಯುವ ದನಿಯಲ್ಲಿ ಹೇಳಿದ, "ಒಳಗೆ ಕೂತು ಕುಡಿಯಿರಿ."

೭. ಗೇಟಿನ ತನಕ

ಶನಿವಾರ ಮಧ್ಯಾಹ್ನ ವಿಕ್ರೋಳಿಯ ಏರುಗಲ್ಲಿಗೆ ಹೋದೆ. ಈ ಸಲ ಯಾರನ್ನೂ ದಾರಿ ಕೇಳಲಿಲ್ಲ. ರೊಟ್ಟಿ ಅಕ್ಕ ಹಸಿರು ಇಳಕಲ್ ಸೀರೆ ಉಟ್ಟು, ಗಂಟು ಕಟ್ಟಿಕೊಂಡು, ಬಾಗಿಲಲ್ಲಿ ನಿಂತಿದ್ದಳು. ನೆರೆಯವರೆಲ್ಲ ಹೊರಗೆ ಬಂದಿದ್ದರು. ನಾನು ಎರಡನೆಯ ಹೆಲ್ಮೆಟ್ ಕೊಟ್ಟೆ.

"ಇದನ್ನ ಹಾಕ್ಕೊಂಡ್ರ ಇದರಾಗ ಇರಾಕಿ ನಾನ ಅಂತ ಯಾರಿಗ ಗೊತ್ತಾಗಬೇಕ್ರಿ?"

"ಹಾಕದಿದ್ದರೆ ಪೊಲೀಸರಿಗೆ ಗೊತ್ತಾಗುತ್ತದೆ."

ಒಪ್ಪಂದವಾಯಿತು. ಹೆಲ್ಮೆಟ್ಟಿನ ಮುಂದಿನ ಗಾಜು ಮೇಲೆತ್ತಿಟ್ಟು, ಹೆಲ್ಮೆಟ್ಟಿನ ಮೇಲೆ ಸೆರಗು ಹೊದ್ದಳು. ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಅಡ್ಡಕ್ಕೆ ಕೂತಳು. ಒಂದು ಕೈ ನನ್ನ ಹೆಗಲ ಮೇಲೆ, ಗಟ್ಟಿಯಾಗಿ. ಗಾಡಿ ಇಳಿಜಾರಿಗೆ ತಿರುಗಿದಾಗ ಆ ಹಿಡಿತ ಇನ್ನೂ ಬಿಗಿಯಾಯಿತು. ಬಾಯಿಗೆ ಮಾತ್ರ ಹಿಡಿತವಿರಲಿಲ್ಲ. "ಮೆಲ್ಲಕ ಹೊಡೀರಿ, ಕಿರಾಣಿ ಅಂಗಡಿ ಬಂತು. ಆಕಿ ನೋಡ್ಲಿ." ಮೆಲ್ಲಗೆ ಹೊಡೆದೆ. "ಇಲ್ಲಿ ಜೋರ ಹೊಡೀರಿ, ಇವರಿಗೆ ನಾನು ಉದ್ದರಿ ಕೊಡೋದೈತಿ." ಜೋರಾಗಿ ಹೊಡೆದೆ. ಹೊಸ ಟೈರ್ ರಸ್ತೆಯನ್ನು ಕಚ್ಚಿ ಹಿಡಿದಿತ್ತು.

ಸೈಟಿನ ಗೇಟು ಬಂತು. ವಾಚ್‌ಮನ್ ಯಾರೋ ಇಂಜಿನಿಯರ್ ಬಾಯಿ ಎಂದು ತಿಳಿದು ಎದ್ದು ಸಲಾಮು ಹೊಡೆದ. ಕೂಲಿಯವರು ಕೆಲಸ ಬಿಟ್ಟು ನೋಡಿದರು. ನಾನು ಬ್ರೇಕ್ ಹಾಕಿದೆ.

"ಇಳಿಯಿರಿ."

"ಏ, ತಡೀರಿ. ಅಂವ ಇಲ್ಲ."

ಮುಕಾದಮ ಚಹಾ ಕುಡಿಯಲು ಹೋಗಿದ್ದ. ಒಂದು ಸುತ್ತು ಹಾಕಿ ಬಂದೆವು. ಇಲ್ಲ. ವಾಚ್‌ಮನ್ ಮತ್ತೆ ಎದ್ದು ಸಲಾಮು ಹೊಡೆದ. ಇನ್ನೊಂದು ಸುತ್ತು. ಈ ಸಲ ವಾಚ್‌ಮನ್ ಕೂರಲೇ ಇಲ್ಲ, ನಿಂತೇ ಇದ್ದ. ಮೂರನೆಯ ಸುತ್ತಿಗೆ ಮುಕಾದಮ ಕಪ್ಪು ಹಿಡಿದುಕೊಂಡು ಗೇಟಿಗೆ ಬಂದಿದ್ದ. ದಪ್ಪ ಮೀಸೆಯ ಮನುಷ್ಯ. ಸೆರಗು ಹೊದ್ದ ಹೆಲ್ಮೆಟ್ಟನ್ನು ನೋಡಿದ, ಅದರೊಳಗಿನ ವೈನಿಯನ್ನು ನೋಡಿದ. ಸುತ್ತ ಮೂವತ್ತು ಜನ. ಏನಾದರೂ ಹೇಳಲೇಬೇಕಲ್ಲ. ಕೆಳಗೆ ಕೂತು ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿದ.

"ಟೈರಿಗೆ ಎಷ್ಟ ಕೊಟ್ರಿ, ಬಾಯಾರ?"

ಒಂದು ತಿಂಗಳಿನಿಂದ ಈ ಪ್ರಶ್ನೆಗೆ ನಾನು ನಾಲ್ಕು ಭಾಷೆಯಲ್ಲಿ ಬೈಗುಳ ಸಿದ್ಧ ಮಾಡಿಟ್ಟುಕೊಂಡಿದ್ದೆ. ಆದರೂ ಅಭ್ಯಾಸಬಲ, ರೇಟು ಹೇಳಿಬಿಟ್ಟೆ.

ಅವನು ತಲೆ ಕೊಡವಿದ. "ಛೇ. ನನಗ ಮೊದಲ ಹೇಳಿದ್ರ ಅರ್ಧಾ ರೊಕ್ಕದಾಗ ಹಾಕಿಸಿ ಕೊಡ್ತಿದ್ದೆ."

ನನ್ನ ಹೆಗಲ ಮೇಲಿನ ಕೈ ನಿಧಾನವಾಗಿ ಸಡಿಲಾಯಿತು.

"ಹೇಳಿದ್ನಲ್ಲೋ" ಎಂದಳು ರೊಟ್ಟಿ ಅಕ್ಕ. "ತಿಂಗಳಾತು, ಇದ ಗೇಟಿನಾಗ ನಿಂತು ದಿನಾ ಹೇಳೇನಿ. ಫಟಫಟಿ ಐತಿ, ಟೈರ್ ಒಂದು ಹಾಕಿಸೋದು ಐತಿ ಅಂತ. ಆವಾಗ ಹಲ್ಲ ಕಿಸದಿ. ಅರ್ಧಾ ರೊಕ್ಕದ ಅಂಗಡಿ ಆವಾಗ ಬಾಗಿಲ ಹಾಕಿತ್ತೇನ?"

ಮೊದಲು ನಕ್ಕವನು ವಾಚ್‌ಮನ್. ಅವನಿಗೆ ಕನ್ನಡ ಬಾರದು, ಆದರೆ ಮುಕಾದಮನ ಮುಖ ಓದಲು ಭಾಷೆ ಬೇಕಾಗಿರಲಿಲ್ಲ. ಆಮೇಲೆ ಸಿಮೆಂ‌ಟು ಕಲೆಸುತ್ತಿದ್ದವರು, ಆಮೇಲೆ ಮೇಲಿನ ಸ್ಲ್ಯಾಬಿನಿಂದ ಬಗ್ಗಿ ನೋಡುತ್ತಿದ್ದವರು. ಮುಕಾದಮ ಎದ್ದು ಪ್ಯಾಂಟು ಕೊಡವಿಕೊಂಡು ಜೇಬಿಗೆ ಕೈ ಹಾಕಿದ.

"ಈ ವಾರದ್ದು ಎಷ್ಟ ಆದುವು ವೈನಿ?"

"ಇನ್ನೂರಾ ಇಪ್ಪತ್ತು. ಮತ್ತ ಹೋದ ವಾರ ಮುರಕೊಂಡಿದ್ದು ಹತ್ತು."

ಅವನ ಕೈ ಜೇಬಿನಲ್ಲೇ ನಿಂತಿತು. ನಾನು ಸುಮ್ಮನೆ ಒಮ್ಮೆ ಆಕ್ಸಿಲರೇಟರ್ ತಿರುವಿದೆ. ಅವನು ಎಣಿಸಿ ಕೊಟ್ಟ, ಇನ್ನೂರಾ ಮೂವತ್ತಕ್ಕೆ.

ದುಡ್ಡು ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆಯೇ ಆಕೆ ಗಾಡಿಯಿಂದ ಇಳಿದದ್ದು. ಹೆಲ್ಮೆಟ್ ತೆಗೆದು, ಸೆರಗಿನಿಂದ ಒರೆಸಿ, ನನ್ನ ಕೈಗೆ ಕೊಟ್ಟಳು. ಬಗ್ಗಿ, ಟೈರ್ ನಿಂತ ಜಾಗಕ್ಕೂ ಗೇಟಿಗೂ ನಡುವೆ ಎಷ್ಟು ಅಂತರ ಇದೆ ಎಂದು ನೋಡಿದಳು. ಒಂದು ಗೇಣೂ ಇರಲಿಲ್ಲ.

"ನಿಮ್ಮ ಸಾಲ ಮುಟ್ತ್ರಿ ಯಕ್ಕಾರ" ಎಂದಳು. "ಇನ್ನ ನೀವು ಹೋಗಬಹುದು."